ಹಬ್ಬದ ರಜೆಯಲ್ಲಿ ರಾತ್ರಿ ಊಟಕ್ಕೆ ಏನು ಮಾಡುವುದು?

ದಸರಾ ರಜೆ ಆರಂಭವಾದಲ್ಲಿಂದ ದೀಪಾವಳಿ ಮುಗಿಯುವವರೆಗೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಹೋಳಿಗೆ, ಚಕ್ಕುಲಿಗಳಿಗಿಂತ ಹೆಚ್ಚಾಗಿ ರಾತ್ರಿ ಅಡುಗೆಯ ಚಿಂತೆಯೇ ಕಾಣಿಸುತ್ತದೆ. ಅವುಗಳಲ್ಲಿ ಐದನ್ನು ಆಯ್ದು ಇಲ್ಲಿ ಉತ್ತರಿಸಿದೆ.

ನಮ್ಮದು ಗೊಂಬೆ ಕೂರಿಸುವ ಮನೆ. ದಸರಾ ರಜೆಗೆ ನಾದಿನಿಯರು ಮಕ್ಕಳೊಡನೆ ಬರುವುದರಿಂದ ಒಂದು ವಾರ ಹತ್ತು ಮಂದಿಗೆ ಅಡುಗೆಯಾಗಬೇಕು. ಸಂಜೆ ಗೊಂಬೆ ನೋಡಲು ಬಂದವರಿಗೆ ಅರಿಸಿನ ಕುಂಕುಮ ಕೊಟ್ಟು ಕಳುಹಿಸುವಷ್ಟರಲ್ಲಿ ಎಂಟು ಗಂಟೆಯಾಗಿರುತ್ತದೆ. ಆಮೇಲೆ ಸಾರು, ಪಲ್ಯ, ಚಪಾತಿ ಎಂದು ನಿಂತರೆ ಊಟಕ್ಕೆ ಹತ್ತಾಗುತ್ತದೆ. ಸರಳವಾಗಿ ಮಾಡಿದರೆ ಬಂದವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕೂ ಇದೆ. (ಮೈಸೂರಿನ ಓದುಗರು)

ಮೊದಲು ಅಳುಕಿನ ಮಾತನ್ನು ಮುಗಿಸೋಣ. ನವರಾತ್ರಿಯಲ್ಲಿ ವ್ರತ, ಪಾರಾಯಣ ಇಟ್ಟುಕೊಂಡ ಎಷ್ಟೋ ಮನೆಗಳಲ್ಲಿ ಹಿರಿಯರು ಇಂದಿಗೂ ಒಪ್ಪತ್ತು ಮಾಡುತ್ತಾರೆ. ಹಗಲು ಒಂದು ಹೊತ್ತು ಅನ್ನ, ರಾತ್ರಿ ಉಪ್ಪಿಟ್ಟೋ ಅವಲಕ್ಕಿಯೋ ಆದರೆ ಅವರಿಗೆ ಸಾಕು. ಹಬ್ಬದ ರಾತ್ರಿ ಹಗುರವಾಗಿ ಉಣ್ಣುವುದು ನಮ್ಮ ರೂಢಿಯೊಳಗೇ ಇರುವಾಗ, ಮಧ್ಯಾಹ್ನ ಪಾಯಸದೊಡನೆ ಬಡಿಸಿದ ಮನೆಯವರು ರಾತ್ರಿ ಬಿಸಿಬಿಸಿಯಾದ ಒಂದೇ ಪದಾರ್ಥ ಬಡಿಸಿದರೆ ಸತ್ಕಾರ ಕಡಿಮೆಯಾಯಿತೆಂದು ಯಾರೂ ಭಾವಿಸಬೇಕಾಗಿಲ್ಲ.

ಇನ್ನು ಕೆಲಸದ ಲೆಕ್ಕಕ್ಕೆ ಬರೋಣ. ನಿಮ್ಮ ಪಟ್ಟಿಯಲ್ಲಿ ಹೊತ್ತನ್ನು ನುಂಗುತ್ತಿರುವುದು ಸಾರೂ ಅಲ್ಲ, ಪಲ್ಯವೂ ಅಲ್ಲ, ಚಪಾತಿ. ತಲೆಗೆ ಮೂರರಂತೆ ಮೂವತ್ತು ಚಪಾತಿಯನ್ನು ಲಟ್ಟಿಸಿ ಬೇಯಿಸಲು ಒಬ್ಬರಿಗೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು, ಮೇಲಾಗಿ ಅಷ್ಟು ಹೊತ್ತೂ ಅವರು ಒಲೆಯ ಮುಂದಿನಿಂದ ಕದಲುವಂತಿಲ್ಲ. ಹತ್ತು ಮಂದಿಯಿರುವ ರಾತ್ರಿಗಳಲ್ಲಿ ಚಪಾತಿ, ದೋಸೆಯಂಥ ಒಂದೊಂದಾಗಿ ಬೇಯುವ ತಿನಿಸುಗಳನ್ನು ಪೂರ್ತಿ ಕೈಬಿಟ್ಟು, ಒಂದೇ ಪಾತ್ರೆಯಲ್ಲಿ ಎಲ್ಲರಿಗೂ ಒಮ್ಮೆಗೇ ಆಗುವುದನ್ನು ಆರಿಸಿಕೊಳ್ಳಿ. ಇಂಥ ಅಡುಗೆಗಳಲ್ಲಿ ಬಿಸಿಬೇಳೆ ಭಾತಿಗೇ ನಾನು ಮೊದಲ ಸ್ಥಾನ ಕೊಡುತ್ತೇನೆ, ಏಕೆಂದರೆ ಅನ್ನ, ಬೇಳೆ, ತರಕಾರಿ ಮೂರೂ ಅದರೊಳಗೇ ಇರುವುದರಿಂದ ಜೊತೆಗೆ ಹಪ್ಪಳ, ಮೊಸರು ಇದ್ದರೆ ಬೇರೇನೂ ಬೇಡ.

ಹತ್ತು ಮಂದಿಗೆ ಅರ್ಧ ಕಿಲೋ ಅಕ್ಕಿ, ಸುಮಾರು 350 ಗ್ರಾಂ ತೊಗರಿಬೇಳೆ, ಒಂದು ಕಿಲೋದಷ್ಟು ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು, ಬಟಾಣಿ ಸಾಕಾಗುತ್ತದೆ. ಈ ಪ್ರಮಾಣವನ್ನು ಐದು ಲೀಟರಿನ ಕುಕ್ಕರಿಗೆ ಒಮ್ಮೆಗೇ ತುಂಬಬೇಡಿ. ಅಕ್ಕಿ, ಬೇಳೆ ಬೇಯುವಾಗ ಉಬ್ಬಿ ನೊರೆಯುಕ್ಕುವುದರಿಂದ ನೀರೂ ಸೇರಿ ಕುಕ್ಕರಿನ ಅರ್ಧಕ್ಕಿಂತ ಮೇಲೆ ಬರಕೂಡದು, ಬಂದರೆ ಆವಿ ಹೊರಹೋಗುವ ದಾರಿ ಕಟ್ಟಿಕೊಳ್ಳುವ ಅಪಾಯವಿದೆ. ಬೇಳೆ ಮತ್ತು ತರಕಾರಿ ಕುಕ್ಕರಿನಲ್ಲಿ ಬೇಯಲಿ, ಅನ್ನ ಅಗಲವಾದ ಪಾತ್ರೆಯಲ್ಲಿ ಮೆತ್ತಗೆ ಆಗಲಿ, ಆಮೇಲೆ ಎರಡನ್ನೂ ಸೇರಿಸಿ ಪುಡಿ, ಹುಣಸೆರಸ ಹಾಕಿ ಕುದಿಸಿದರಾಯಿತು. ಹುಣಸೆರಸವನ್ನು ಬೇಳೆ ಪೂರ್ತಿ ಬೆಂದ ಮೇಲೆಯೇ ಹಾಕಬೇಕು, ಹುಳಿ ಮೊದಲೇ ಸೇರಿದರೆ ಬೇಳೆಯೂ ತರಕಾರಿಯೂ ಮೆತ್ತಗಾಗಲು ತಡಮಾಡುತ್ತವೆ. ಮಕ್ಕಳಿರುವುದರಿಂದ ಪುಡಿಗೆ ಗುಂಟೂರಿನ ಬದಲು ಬ್ಯಾಡಗಿ ಮೆಣಸಿನಕಾಯಿ ಬಳಸಿ, ಬಣ್ಣ ಬರುತ್ತದೆ, ಖಾರ ಹದದಲ್ಲಿರುತ್ತದೆ. ಇಳಿಸುವಾಗ ಭಾತು ನಿಮಗೆ ಬೇಕಾದುದಕ್ಕಿಂತ ತೆಳ್ಳಗಿರಲಿ. ಅರ್ಧ ಗಂಟೆಯಲ್ಲಿ ಅದು ನೀರನ್ನೆಲ್ಲ ಹೀರಿಕೊಂಡು ಗಟ್ಟಿಯಾಗುವುದರಿಂದ, ಬಡಿಸುವ ಮುನ್ನ ಸಡಿಲಗೊಳಿಸಲು ಒಂದು ಪಾತ್ರೆ ಕುದಿನೀರು ಪಕ್ಕದಲ್ಲಿರಬೇಕು.

ಗೊಂಬೆ ಮನೆಯಾದ್ದರಿಂದ ನಿಮಗೆ ಇನ್ನೊಂದು ಅನುಕೂಲವಿದೆ. ಸಂಜೆ ಹಂಚುವ ಉಸಲಿಗೆ ಕಡಲೆಕಾಳನ್ನೋ ಹೆಸರುಕಾಳನ್ನೋ ಹೇಗೂ ನೆನೆಹಾಕುತ್ತೀರಿ. ಅದರ ಎರಡರಷ್ಟು ನೆನೆಹಾಕಿ, ಒಟ್ಟಿಗೆ ಬೇಯಿಸಿ, ಒಗ್ಗರಣೆಗೆ ಮುಂಚೆ ಅರ್ಧವನ್ನು ಕಟ್ಟಿನೊಡನೆ ಎತ್ತಿಟ್ಟುಕೊಂಡರೆ ರಾತ್ರಿಗೆ ಕಾಳುಸಾರಿನ ಮುಕ್ಕಾಲು ಕೆಲಸ ಮುಗಿದಂತೆ. ಹಾಗೆಯೇ ಮಧ್ಯಾಹ್ನ ಬೇಯಿಸುವ ತೊಗರಿಬೇಳೆಯಲ್ಲಿ ಒಂದು ಪಾಲನ್ನು ಉಪ್ಪು ಹುಳಿ ಹಾಕದೆ ಫ್ರಿಜ್ಜಿನಲ್ಲಿಟ್ಟಿದ್ದರೆ, ಟೊಮೇಟೊ, ಸಾರಿನ ಪುಡಿ, ಇಂಗಿನ ಒಗ್ಗರಣೆ ಸೇರಿ ಹದಿನೈದು ನಿಮಿಷಕ್ಕೆ ತಿಳಿಸಾರು ಸಿದ್ಧವಾಗುತ್ತದೆ. ಇನ್ನು ರಜೆಗೆ ಮುಂಚಿನ ಭಾನುವಾರ ಪುಳಿಯೋಗರೆ ಗೊಜ್ಜು ಕಾಯಿಸಿಟ್ಟುಕೊಳ್ಳಿ. ಹುಣಸೆ, ಉಪ್ಪು, ಎಣ್ಣೆ ಧಾರಾಳವಾಗಿದ್ದು ನೀರಿನಂಶ ಆರುವವರೆಗೆ ಕಾಯಿಸಿದ ಗೊಜ್ಜು, ಒದ್ದೆ ಚಮಚ ತಾಕದಿದ್ದರೆ, ಫ್ರಿಜ್ಜಿನಲ್ಲಿ ವಾರಗಟ್ಟಲೆ ಕೆಡುವುದಿಲ್ಲ. ತೀರ ದಣಿದ ರಾತ್ರಿಗೆ ಅನ್ನವೊಂದು ಆದರೆ ಊಟ ಆದಂತೆಯೇ.

ಮಧ್ಯಾಹ್ನ ಉಳಿದ ಅನ್ನ, ಹುಳಿ, ಹೋಳಿಗೆ ಸಾರನ್ನೇ ರಾತ್ರಿಗೆ ಬಿಸಿ ಮಾಡಿ ಮುಗಿಸುತ್ತೇವೆ. ಚೆನ್ನಾಗಿ ಕುದಿಸಿದರೆ ತೊಂದರೆಯಿಲ್ಲ ಎಂದು ನಮ್ಮ ಅತ್ತೆಯವರು, ಫ್ರಿಜ್ಜಿನಲ್ಲಿಡದ್ದನ್ನು ತಿನ್ನಬಾರದು ಎಂದು ಮಗಳು. ಯಾರ ಮಾತು ಸರಿ? (ಬೆಂಗಳೂರಿನ ಓದುಗರು)

ಸಾರಿನ ವಿಷಯದಲ್ಲಿ ನಿಮ್ಮ ಅತ್ತೆಯವರ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಅನ್ನದ ವಿಷಯದಲ್ಲಿ ಮಗಳ ಮಾತೇ ಸರಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಾಣುಗಳು ಇರುವುದು ಸಾಮಾನ್ಯ, ಅವು ಅನ್ನ ಬೇಯುವ ಬಿಸಿಯಲ್ಲಿಯೂ ಬದುಕುಳಿಯಬಲ್ಲವು. ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಬಿದ್ದಿದ್ದರೆ ಅವು ಮೊಳೆತು, ಬೆಳೆದು, ವಾಂತಿ ತರಿಸುವ ವಿಷವನ್ನು ಬಿಡುತ್ತವೆ. ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಏನೆಂದರೆ, ಆ ವಿಷ ಒಮ್ಮೆ ಉತ್ಪತ್ತಿಯಾದ ಮೇಲೆ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ, ವಾಸನೆಯಿಂದಲೋ ರುಚಿಯಿಂದಲೋ ಪತ್ತೆಯೂ ಆಗುವುದಿಲ್ಲ. ಆದ್ದರಿಂದ ಒಂದು ಗಂಟೆಗೆ ಊಟ ಮುಗಿದು, ಮೇಜಿನ ಮೇಲೆಯೇ ಎಂಟರವರೆಗೆ ಉಳಿದ ಅನ್ನಕ್ಕೆ ಚಿತ್ರಾನ್ನದ ಒಗ್ಗರಣೆ ಹಾಕಿದ ಮಾತ್ರಕ್ಕೆ ಅದು ಸುರಕ್ಷಿತವಾಗುವುದಿಲ್ಲ.

ಹಾಗೆಂದು ಉಳಿದ ಅನ್ನವನ್ನು ಚೆಲ್ಲಬೇಕಾಗಿಲ್ಲ. ಊಟ ಮುಗಿದ ಕೂಡಲೇ, ಎಷ್ಟು ತಡವೆಂದರೂ ಎರಡು ಗಂಟೆಯೊಳಗೆ, ಅದನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ ಫ್ರಿಜ್ಜಿಗೆ ಸೇರಿಸಿ. ಆ ರಾತ್ರಿಗೋ ಮರುದಿನಕ್ಕೋ ಒಂದೇ ಒಂದು ಬಾರಿ ಹಬೆಯಾಡುವಷ್ಟು ಬಿಸಿ ಮಾಡಿ ಬಳಸಿ. ಫ್ರಿಜ್ಜಿನೊಳಗಿನ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಹಬ್ಬದ ದಿನ ಹಾಲು, ಹೂವು, ತರಕಾರಿಗಳನ್ನು ಗಾಳಿಯಾಡದಂತೆ ಒತ್ತರಿಸಿ ತುಂಬಿದ ಫ್ರಿಜ್ಜು ಅಷ್ಟು ತಣ್ಣಗಿರುವುದಿಲ್ಲ ಎಂಬುದು ನೆನಪಿರಲಿ. ಹೂವಿಗೆ ಒದ್ದೆ ಬಟ್ಟೆ ಸಾಕು, ಆ ಜಾಗ ಅನ್ನಕ್ಕೆ ಬೇಕು.

ಸಾರು, ಹುಳಿಯ ಕಥೆ ಸ್ವಲ್ಪ ಬೇರೆ. ಒಬ್ಬಟ್ಟಿನ ಸಾರು ಮರುದಿನವೇ ಹೆಚ್ಚು ರುಚಿ ಎಂದು ಅದನ್ನು ಕುದಿಸಿ ಕುದಿಸಿ ಇಟ್ಟು ಉಣ್ಣುವ ವಾಡಿಕೆಯಿದೆ. ಹುಣಸೆಯ ಹುಳಿಯೂ ಕುದಿಸುವ ಶಿಸ್ತೂ ಅದನ್ನು ಒಂದಿಷ್ಟು ಕಾಪಾಡುತ್ತವೆ. ಆದರೆ ಅದರಲ್ಲಿ ಹೂರಣವೂ ರುಬ್ಬಿದ ತೆಂಗಿನಕಾಯಿಯೂ ಇರುವುದರಿಂದ ಸೆಕೆಯ ದಿನಗಳಲ್ಲಿ ಆ ವಾಡಿಕೆಯೊಂದನ್ನೇ ನಂಬಬಾರದು. ಕುದಿಸಿ, ಚಿಕ್ಕ ಪಾತ್ರೆಗಳಿಗೆ ಹಂಚಿ, ಬೇಗ ಆರಿಸಿ ಫ್ರಿಜ್ಜಿನಲ್ಲಿಡಿ. ದೊಡ್ಡ ಪಾತ್ರೆಯನ್ನು ಹಾಗೆಯೇ ಒಳಗಿಟ್ಟರೆ ನಡುವಿನ ಸಾರು ತಣ್ಣಗಾಗಲು ಬಹಳ ಹೊತ್ತು ಹಿಡಿಯುತ್ತದೆ. ಬಡಿಸುವ ಮುನ್ನ ಅದು ಅಂಚಿನಲ್ಲಿ ಮಾತ್ರವಲ್ಲ, ನಡುವಿನಲ್ಲಿಯೂ ಕುದಿಯಬೇಕು. ಕಾಯಿಚಟ್ನಿ, ಕೋಸಂಬರಿ ಉಳಿದಿದ್ದರೆ ಅವನ್ನು ರಾತ್ರಿಗೆ ಇಡುವ ಆಸೆ ಬೇಡ.

ನಮ್ಮದು ಹುಬ್ಬಳ್ಳಿ ಕಡೆಯ ಮನೆ. ರಾತ್ರಿ ಊಟಕ್ಕೆ ರೊಟ್ಟಿಯೇ ಬೇಕು. ದೀಪಾವಳಿಗೆ ಮಗ, ಸೊಸೆ, ಮೊಮ್ಮಕ್ಕಳು ಬಂದಾಗ ಇಪ್ಪತ್ತೈದು ರೊಟ್ಟಿ ಬಡಿಯಲು ನನ್ನ ಕೈಯಲ್ಲಿ ಈಗ ಆಗುವುದಿಲ್ಲ.

ಬಿಸಿ ರೊಟ್ಟಿಯ ಹಟವನ್ನು ಆ ನಾಲ್ಕು ದಿನಗಳ ಮಟ್ಟಿಗೆ ಬಿಡಿ, ತಾಯಿ. ನಿಮ್ಮ ಸೀಮೆಯಲ್ಲಿ ಕಡಕ್ ರೊಟ್ಟಿಯೆಂಬ ಉತ್ತರ ಸಿದ್ಧವಾಗಿಯೇ ಇದೆ. ತೆಳ್ಳಗೆ ಬಡಿದು ನೀರಿನಂಶ ಪೂರ್ತಿ ಹೋಗುವವರೆಗೆ ಒಣಗಿಸಿದ್ದರಿಂದ ಅದು ವಾರಗಟ್ಟಲೆ ಇರುತ್ತದೆ. ಹಬ್ಬಕ್ಕೆ ಹದಿನೈದು ದಿನ ಮುಂಚೆ ದಿನಕ್ಕೆ ನಾಲ್ಕೈದರಂತೆ ಮಾಡಿ ಒಣ ಬಟ್ಟೆಯಲ್ಲಿ ಕಟ್ಟಿಡಬಹುದು, ಇಲ್ಲವೇ ರೊಟ್ಟಿ ಮಾಡಿ ಮಾರುವ ಮನೆಗಳಿಂದ, ಸ್ತ್ರೀಶಕ್ತಿ ಸಂಘಗಳಿಂದ ತರಿಸಬಹುದು. ಜೊತೆಗೆ ಬಿಸಿಯಾಗಿ ಒಂದು ಪದಾರ್ಥವಿದ್ದರೆ ಸಾಕು, ಅದಕ್ಕೆ ಜುಣಕಕ್ಕಿಂತ ಸುಲಭವಾದುದಿಲ್ಲ. ಈರುಳ್ಳಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯ ಒಗ್ಗರಣೆಗೆ ನೀರು ಹಾಕಿ, ಕುದಿ ಬಂದಾಗ ಕಡಲೆಹಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸುತ್ತ ತಿರುವಿ, ಮುಚ್ಚಿ ಐದು ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿದರೆ ಹಸಿ ವಾಸನೆ ಹೋಗುತ್ತದೆ. ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಹಸಿ ಈರುಳ್ಳಿ, ಸೌತೆಕಾಯಿ, ಮೆಂತ್ಯದ ಸೊಪ್ಪು ತಟ್ಟೆಯಲ್ಲಿದ್ದರೆ ಊಟದಲ್ಲಿ ಏನೂ ಕೊರತೆಯಿಲ್ಲ. ಹಲ್ಲಿಲ್ಲದ ಹಿರಿಯರಿಗೆ ರೊಟ್ಟಿಯನ್ನು ಮುರಿದು ಬೇಳೆಸಾರಿನಲ್ಲೋ ಹಾಲಿನಲ್ಲೋ ನೆನೆಸಿ ಕೊಡಿ.

ಚಕ್ಕುಲಿ, ಕೋಡುಬಳೆ ಕರಿದ ಮೇಲೆ ಉಳಿಯುವ ಎಣ್ಣೆಯಲ್ಲಿಯೇ ಮುಂದಿನ ದಿನಗಳ ರಾತ್ರಿ ಬಜ್ಜಿ, ಪೂರಿ ಕರಿಯುವುದು ಸರಿಯೇ?

ಸರಿಯಲ್ಲ. ಒಮ್ಮೆ ಕರಿದ ಎಣ್ಣೆಯನ್ನು ಸೋಸಿಟ್ಟುಕೊಂಡು ಒಗ್ಗರಣೆಗೆ, ಪಲ್ಯಕ್ಕೆ ಒಂದೆರಡು ದಿನಗಳೊಳಗೆ ಬಳಸಿ ಮುಗಿಸಬೇಕೇ ಹೊರತು ಮತ್ತೆ ಕರಿಯಲು ಬಳಸಬಾರದು ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆ. ಮತ್ತೆ ಮತ್ತೆ ಕಾಯ್ದ ಎಣ್ಣೆಯಲ್ಲಿ ಹೆಚ್ಚುವ ಧ್ರುವೀಯ ಸಂಯುಕ್ತಗಳು ಶೇಕಡ 25ನ್ನು ಮೀರಿದರೆ ಅಂಥ ಎಣ್ಣೆಯನ್ನು ಬಳಸಕೂಡದೆಂಬ ನಿಯಮ ಹೋಟೆಲುಗಳು ಸೇರಿದಂತೆ ಆಹಾರ ಉದ್ಯಮಕ್ಕೆ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಅದನ್ನು ಅಳೆಯುವ ಸಾಧನವಿರುವುದಿಲ್ಲವಾದ್ದರಿಂದ, ಬಾಣಲೆಗೆ ಮೊದಲೇ ಕಡಿಮೆ ಎಣ್ಣೆ ಹಾಕಿ ಸಣ್ಣ ಸಣ್ಣ ಪಾಲುಗಳಲ್ಲಿ ಕರಿಯುವುದೇ ಜಾಣತನ. ಎಣ್ಣೆ ಕಪ್ಪಾಗಿ, ಅಂಟಾಗಿ, ಬೇಗ ಹೊಗೆಯಾಡುತ್ತಿದ್ದರೆ ಒಗ್ಗರಣೆಗೂ ಬೇಡ, ಎಸೆಯಿರಿ. ಹಗಲೆಲ್ಲ ಕರಿದದ್ದನ್ನು ತಿಂದವರಿಗೆ ರಾತ್ರಿ ಬಜ್ಜಿ ಏಕೆ ಎಂಬುದು ಬೇರೆಯೇ ಪ್ರಶ್ನೆ. ಹೆಸರುಬೇಳೆಯ ಖಾರ ಹುಗ್ಗಿ, ಮೆಣಸಿನ ಸಾರು ಅಂಥ ರಾತ್ರಿಗಳಿಗಾಗಿಯೇ ಇರುವ ಅಡುಗೆಗಳು.

ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಡಿಸೆಂಬರ್ ಕೊನೆಯ ರಜೆಯಲ್ಲಿ ಅಕ್ಕಪಕ್ಕದ ಅಮೆರಿಕನ್ ಕುಟುಂಬಗಳನ್ನು ಒಂದು ರಾತ್ರಿ ಊಟಕ್ಕೆ ಕರೆಯಬೇಕೆಂದಿದ್ದೇವೆ. ಹೋಟೆಲಿನ ನಾನ್, ಪನೀರ್ ಬೇಡ, ಊರಿನ ಸರಳ ಅಡುಗೆಯನ್ನೇ ಬಡಿಸುವ ಆಸೆ. ಏನು ಮಾಡಬಹುದು?

ಡಿಸೆಂಬರ್ ಎಂದರೆ ಹಳೆ ಮೈಸೂರಿನ ಕಡೆ ಅವರೆಕಾಯಿಯ ಕಾಲ. ಸೊಗಡಿನ ಅವರೆ ನಿಮಗಲ್ಲಿ ಸಿಗದಿದ್ದರೂ ಭಾರತೀಯ ಅಂಗಡಿಗಳಲ್ಲಿ ಸೂರ್ತಿ ಪಾಪ್ಡಿ ಲಿಲ್ವಾ ಎಂಬ ಹೆಸರಿನಲ್ಲಿ ಹೆಪ್ಪುಗಟ್ಟಿಸಿದ ಅವರೆಕಾಳು ಸಿಗುತ್ತದೆ. ಅದರಿಂದ ಊರಿನ ಘಮವನ್ನು ನಿರೀಕ್ಷಿಸಬೇಡಿ, ಸಾರಿಗೆ ಮಾತ್ರ ಚೆನ್ನಾಗಿ ಒದಗುತ್ತದೆ. ಕಾಯಿ, ಕೊತ್ತಂಬರಿ, ಈರುಳ್ಳಿ ರುಬ್ಬಿ ಹಾಕಿದ ಅವರೆಕಾಳು ಸಾರು, ಅನ್ನ, ಕ್ಯಾರೆಟ್ ಕೋಸಂಬರಿ, ಒಂದು ಹುರುಳಿಕಾಯಿ ಪಲ್ಯ, ಕೊನೆಗೆ ಮೊಸರನ್ನ, ಇಷ್ಟು ಮಾಡಿದರೆ ಎಲ್ಲವೂ ಒಂದೂವರೆ ಗಂಟೆಯಲ್ಲಿ ಆಗುವಂಥದ್ದು. ರಾಗಿಮುದ್ದೆಯನ್ನು ತೋರಿಸಲೇಬೇಕೆಂದಿದ್ದರೆ ನಿಂಬೆಹಣ್ಣಿನ ಗಾತ್ರದ ಪುಟ್ಟ ಮುದ್ದೆಗಳನ್ನು ಕಟ್ಟಿ, ಅಗಿಯದೆ ಸಾರಿನಲ್ಲಿ ಅದ್ದಿ ನುಂಗುವ ಕ್ರಮವನ್ನು ನೀವೇ ಮೊದಲು ತುತ್ತು ಮುರಿದು ತೋರಿಸಿ.

ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ಅತಿಥಿಗಳಲ್ಲಿ ಯಾರಿಗಾದರೂ ಅಲರ್ಜಿ ಇದೆಯೇ ಎಂದು ಕರೆಯುವಾಗಲೇ ಕೇಳಿಕೊಳ್ಳಿ, ಏಕೆಂದರೆ ನಮ್ಮ ಅಡುಗೆಯಲ್ಲಿ ಅದು ಕಣ್ಣಿಗೆ ಕಾಣದ ಕಡೆಗಳಲ್ಲಿ ಅವಿತಿರುತ್ತದೆ. ಚಿತ್ರಾನ್ನ, ಪುಳಿಯೋಗರೆಗಳ ಒಗ್ಗರಣೆಯಲ್ಲಿ ಕಡಲೆಕಾಯಿ ಬೀಜವಿರುತ್ತದೆ, ಪುಳಿಯೋಗರೆಗೆ ಹುರಿದ ಎಳ್ಳಿನ ಪುಡಿಯೂ ಬೀಳುತ್ತದೆ. ಗೋಧಿಯ ಗ್ಲೂಟನ್ ಆಗದವರು ಬಂದಿದ್ದರೆ ಅನ್ನ, ಸಾರು, ರಾಗಿ ಎಲ್ಲವೂ ಸರಿಯಾಗಿದ್ದು ಇಂಗಿನಲ್ಲಿ ಎಡವಟ್ಟಾಗಬಹುದು. ಅಂಗಡಿಯಲ್ಲಿ ಸಿಗುವ ಕೂಟ ಇಂಗಿನ ಎಷ್ಟೋ ಡಬ್ಬಿಗಳಲ್ಲಿ ಗೋಧಿಹಿಟ್ಟು ಸೇರಿರುತ್ತದೆ. ಡಬ್ಬಿಯ ಮೇಲಿನ ಪಟ್ಟಿಯನ್ನು ಓದಿ, ಗೋಧಿ ಇದ್ದರೆ ಆ ರಾತ್ರಿಯ ಒಗ್ಗರಣೆಗೆ ಇಂಗು ಬಿಟ್ಟು ಬೆಳ್ಳುಳ್ಳಿ ಜಜ್ಜಿ ಹಾಕಿ. ಅವರೆಕಾಳು ಸಾರಿಗೆ ಅದು ಹೇಗೂ ಒಪ್ಪುತ್ತದೆ.