ಶೆಡ್ಡಿನ ಪದ್ಮಿನಿಗೆ ಸೆಲ್ಫ್ ಹೊಡೆಯುವ ಮುನ್ನ

ಸಂಪಾದಕರ ಉತ್ತರ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಅದರ ಸಾರ ಇಷ್ಟು: ‘ಮನೆಗೆ ಬಂದ ಕಾರುಗಳ ನೆನಪಿನ ಬರಹಗಳನ್ನು ಓದಿ ನಮ್ಮ ಶೆಡ್ಡಿನ ಬಾಗಿಲು ತೆಗೆದೆವು. ತಂದೆಯವರ 1984ರ ಪ್ರೀಮಿಯರ್ ಪದ್ಮಿನಿ ಅವರು ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಕೊಟ್ಟಿಗೆ ಪಕ್ಕದಲ್ಲೇ ನಿಂತಿದೆ. ಎರಡು ತಿಂಗಳಲ್ಲಿ ಮಗಳ ಮದುವೆ. ದಿಬ್ಬಣ ಅಜ್ಜನ ಕಾರಿನಲ್ಲೇ ಹೋಗಬೇಕೆಂದು ಮನೆಯವರೆಲ್ಲರ ಆಸೆ. ಹೊಸ ಬ್ಯಾಟರಿ, ಐದು ಲೀಟರ್ ಪೆಟ್ರೋಲ್ ಹಾಕಿದರೆ ಸ್ಟಾರ್ಟ್ ಆಗುತ್ತದೆ ಎನ್ನುತ್ತಾರೆ ಮೇಸ್ತ್ರಿ. ನಂಬಬಹುದೇ? 1964ರಿಂದ ಬರುತ್ತಿದ್ದ ಪದ್ಮಿನಿಗೆ ವಿಂಟೇಜ್ ನಂಬರ್ ಸಿಗುತ್ತದೆಯೇ?’

ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. 1964ರಲ್ಲಿ ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸಲು ಶುರುಮಾಡಿದ್ದು ಫಿಯೆಟ್ 1100 ಡಿಲೈಟ್. ಅದೇ ಗಾಡಿಗೆ ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ವಿಂಟೇಜ್ ಎನ್ನಿಸಿಕೊಳ್ಳಲು ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ನಿಮ್ಮದು ಆ ಲೆಕ್ಕಕ್ಕೆ ಬರುವುದು 2034ಕ್ಕೆ. ಬಂದರೂ ವಿಂಟೇಜ್ ನೋಂದಣಿಯ ಕಾರನ್ನು ದಿನನಿತ್ಯ ರಸ್ತೆಗಿಳಿಸುವಂತಿಲ್ಲ. ಓಡಿಸಬೇಕೆಂಬ ಆಸೆಯಿದ್ದರೆ ನೋಂದಣಿಯ ಸಾಮಾನ್ಯ ನವೀಕರಣವೇ ಮೇಲು.

ಇನ್ನು ಮೇಸ್ತ್ರಿಯ ಮಾತು. ಅವರು ಹೇಳಿದ್ದು ಸುಳ್ಳಲ್ಲ. 1089 ಸಿಸಿಯ ಆ ನಾಲ್ಕು ಸಿಲಿಂಡರ್ ಎಂಜಿನ್ ಬಲು ಸಹನೆಯದು, ಐದು ಲೀಟರ್ ಪೆಟ್ರೋಲಿಗೇ ಗುರ್ ಎಂದುಬಿಡಬಹುದು. ನಮಗಿರುವ ಭಯವೂ ಅದೇ. ಎಂಜಿನ್ ಸದ್ದು ಕೇಳಿದ ಕೂಡಲೇ ಮನೆಮಂದಿಯೆಲ್ಲ ಹತ್ತಿ ಕೂತು ಗೇಟು ದಾಟುತ್ತಾರೆ. ಹನ್ನೊಂದು ಮಳೆಗಾಲ ಕಂಡ ಬ್ರೇಕು ಇಳಿಜಾರಿನ ಮೊದಲ ತಿರುವಿನಲ್ಲಿ ಕೈಕೊಡುತ್ತದೆ. ಆದ್ದರಿಂದ ಮೊದಲು ನಿಲ್ಲುವ ಕೆಲಸ, ಆಮೇಲೆ ಓಡುವ ಕೆಲಸ. ಎಂಜಿನ್ ತಂಟೆಗೆ ಹೋಗುವ ಮೊದಲು ನಾಲ್ಕೂ ಚಕ್ರ ಬಿಚ್ಚಿಸಿ.

ಪದ್ಮಿನಿಯ ನಾಲ್ಕೂ ಬ್ರೇಕು ಡ್ರಮ್ಮಿನವು, ಆ ಕಾಲದ ಗಾಡಿಗಳಲ್ಲಿ ಆಯಿಲ್ ಹೋಗುವ ದಾರಿ ಒಂದೇ. ಒಂದು ಚಕ್ರದಲ್ಲಿ ಸೋರಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ನಾಲ್ಕಕ್ಕೂ ಬ್ರೇಕು ಇಲ್ಲದಂತಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಆ ನೀರು, ಚಕ್ರದೊಳಗೆ ಬ್ರೇಕ್ ಶೂವನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ತಳದಲ್ಲಿ ಕೂತು ತುಕ್ಕು ಹಿಡಿಸುತ್ತದೆ, ಪಿಸ್ಟನ್ ಅಲ್ಲೇ ಅಂಟಿಕೊಳ್ಳುತ್ತದೆ. ಡ್ರಮ್ ಬರದಿದ್ದರೆ ಕಬ್ಬಿಣದ ಸುತ್ತಿಗೆಯಿಂದ ಬಡಿಯಬೇಡಿ, ಎರಕದ ಕಬ್ಬಿಣ ಸೀಳುತ್ತದೆ. ಶೂ ಅಡ್ಜಸ್ಟ್‌ಮೆಂಟ್ ಪೂರ್ತಿ ಸಡಿಲಿಸಿ, ಅಂಚಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಸಿ, ಮರದ ಕೊಡತಿಯಿಂದ ಸುತ್ತ ತಟ್ಟುತ್ತಾ ಬನ್ನಿ. ಸಿಲಿಂಡರ್ ಬಿಚ್ಚಿದ ಮೇಲೆ ಒಳಗೋಡೆಯ ಮೇಲೆ ಬೆರಳಾಡಿಸಿ. ನುಣುಪಾಗಿದ್ದರೆ ರಬ್ಬರ್ ಕಿಟ್ ಬದಲಿಸಿದರೆ ಸಾಕು. ಉಗುರಿಗೆ ಗುಂಡಿ ಸಿಕ್ಕಿದರೆ ಸಿಲಿಂಡರನ್ನೇ ಬದಲಿಸಿ, ಪಾಲಿಶ್ ಕಾಗದದಿಂದ ಉಜ್ಜಿ ಹಾಕಿದ್ದು ತಿಂಗಳೊಳಗೆ ಮತ್ತೆ ಸೋರುತ್ತದೆ.

ಬಹಳ ಜನ ಮರೆಯುವುದು ಚಕ್ರದ ಬಳಿಯ ರಬ್ಬರ್ ಹೋಸುಗಳನ್ನು. ಹೊರಗೆ ಚೆನ್ನಾಗಿಯೇ ಕಾಣುತ್ತವೆ, ಒಳಗೆ ಊದಿ ದಾರಿ ಮುಚ್ಚಿರುತ್ತದೆ. ತುಳಿದಾಗ ಒತ್ತಡಕ್ಕೆ ಆಯಿಲ್ ಒಳಗೆ ಹೋಗುತ್ತದೆ, ಬಿಟ್ಟಾಗ ವಾಪಸು ಬರುವುದಿಲ್ಲ. ಚಕ್ರ ಹಿಡಿದುಕೊಂಡೇ ಇರುತ್ತದೆ, ಮೇಸ್ತ್ರಿ ಶೂ ಉಜ್ಜುತ್ತಾ ಕೂರುತ್ತಾರೆ. ನೋಡಿ ನಿರ್ಧರಿಸುವ ವಸ್ತು ಅದಲ್ಲ, ಎಲ್ಲವನ್ನೂ ಬದಲಿಸಿ. ಆಮೇಲೆ ಹೊಸದಾಗಿ ಸೀಲ್ ಒಡೆದ ಡಾಟ್ 3 ಆಯಿಲ್ ತುಂಬಿ. ಪೈಪಿನೊಳಗೆ ಸಿಕ್ಕ ಗಾಳಿ (ಏರ್) ತೆಗೆಯುವಷ್ಟರಲ್ಲಿ ಅರ್ಧ ಲೀಟರ್ ಹಾಗೇ ಹೋಗುತ್ತದೆ, ಒಂದು ಲೀಟರ್ ತಂದಿಟ್ಟುಕೊಳ್ಳಿ. ಏರ್ ತೆಗೆಯುವುದನ್ನು, ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡ ಚಕ್ರದಿಂದ ಶುರುಮಾಡಿ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಮಾಸ್ಟರ್ ಸಿಲಿಂಡರಿನ ಆಯಿಲ್ ಡಬ್ಬಿ ಖಾಲಿಯಾಗಲು ಬಿಟ್ಟಿರೋ, ಮತ್ತೆ ಮೊದಲಿನಿಂದ.

ಈಗ ಎಂಜಿನ್. ಬ್ಯಾಟರಿ ಇನ್ನೂ ಬೇಡ. ನಾಲ್ಕೂ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೆ ಒಂದು ದೊಡ್ಡ ಚಮಚ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಸುಮ್ಮನಿರಿ. ಅಷ್ಟು ವರ್ಷ ಒಣಗಿದ ಪಿಸ್ಟನ್ ರಿಂಗು ಗೋಡೆಗೆ ಕಚ್ಚಿರುತ್ತದೆ. ನೆನೆಸದೆ ಸೆಲ್ಫ್ ಹೊಡೆದರೆ ರಿಂಗು ಮುರಿಯುತ್ತದೆ, ಇಲ್ಲವೇ ಗೋಡೆ ಗೀರಾಗುತ್ತದೆ. ಬಳಿಕ ಟಾಪ್ ಗೇರಿಗೆ ಹಾಕಿ ಇಬ್ಬರು ಗಾಡಿಯನ್ನು ನಿಧಾನ ಹಿಂದೆ ಮುಂದೆ ಅಲುಗಾಡಿಸಿ. ಫ್ಯಾನು ತಿರುಗಿತೆಂದರೆ ಅರ್ಧ ಗೆದ್ದಂತೆ. ಹಳೆಯ ಆಯಿಲ್ ಪೂರ್ತಿ ಇಳಿಸಿ 20ಡಬ್ಲ್ಯು-50 ದರ್ಜೆಯ ಹೊಸ ಆಯಿಲ್ ಹಾಕಿ. ಇಳಿದ ಆಯಿಲ್ ಮಜ್ಜಿಗೆಯ ಬಣ್ಣಕ್ಕಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ, ಅಲ್ಲಿಗೇ ನಿಲ್ಲಿಸಿ ಎಂಜಿನ್ನಿನ ಮೇಲುಭಾಗವಾದ ಹೆಡ್ ಬಿಚ್ಚಿಸಿ. ಎಲ್ಲ ಸರಿಯಿದ್ದರೆ ಬ್ಯಾಟರಿ ಕೂರಿಸಿ, ಪ್ಲಗ್ ಇಲ್ಲದೆಯೇ ಐದೈದು ಸೆಕೆಂಡ್ ಸೆಲ್ಫ್ ಹೊಡೆಯಿರಿ, ಆಯಿಲ್ ಪ್ರೆಶರಿನ ಕೆಂಪು ದೀಪ ಆರುವವರೆಗೆ. ಬೇರಿಂಗಿಗೆ ಆಯಿಲ್ ಮುಟ್ಟಿದ ಮೇಲೆಯೇ ಪ್ಲಗ್. ವೈರಿಂಗನ್ನು ಇಲಿ ಕಡಿದಿದೆಯೇ ಎಂದು ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಹಾಕಿ ನೋಡಿದ ನಂತರವೇ ಬ್ಯಾಟರಿ ಎಂಬುದು ನೆನಪಿರಲಿ. ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಇಲಿ ಬಂದಿರದಿದ್ದರೆ ಆಶ್ಚರ್ಯ.

ಕಿಡಿ ಬಾರದಿದ್ದರೆ ಕಾಯಿಲ್ ಬದಲಿಸಲು ಓಡಬೇಡಿ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರೆ, ಕೂಡಿ ಬಿಡಿಸಿ ಕಿಡಿ ಹುಟ್ಟಿಸುವ ಪಾಯಿಂಟಿನ ಮೇಲೆ ಬೂದಿಬಣ್ಣದ ಪೊರೆ ಕಾಣುತ್ತದೆ. ಸಣ್ಣ ಪಾಲಿಶ್ ಕಾಗದವನ್ನು ನಡುವೆ ಸಿಕ್ಕಿಸಿ ನಾಲ್ಕು ಸಲ ಎಳೆಯಿರಿ, ಒಣ ಬಟ್ಟೆಯಿಂದ ಒರೆಸಿ, ಗ್ಯಾಪ್ 0.45 ಮಿ.ಮೀ. ಆಸುಪಾಸು ಇಡಿ. ಹತ್ತರಲ್ಲಿ ಎಂಟು ಗಾಡಿಗಳ ಕಾಯಿಲೆ ಅಲ್ಲಿಗೇ ವಾಸಿ.

ಟ್ಯಾಂಕಿನ ಪೆಟ್ರೋಲ್ ಈಗ ಪೆಟ್ರೋಲ್ ಅಲ್ಲ, ವಾರ್ನಿಶ್. ಮೂಸಿ ನೋಡಿದರೆ ನಿಮಗೇ ತಿಳಿಯುತ್ತದೆ. ಅದರ ಮೇಲೆ ಹೊಸತು ಸುರಿದರೆ ಅಡಿಯ ಅಂಟು, ತುಕ್ಕು ಕಲಸಿ ನೇರ ಕಾರ್ಬ್ಯುರೇಟರಿನ ಜೆಟ್ಟಿಗೆ ಬಂದು ಕೂರುತ್ತದೆ. ಟ್ಯಾಂಕ್ ಇಳಿಸಿ ತೊಳೆಯುವ ತನಕ ಒಂದು ಲೀಟರ್ ಡಬ್ಬಿಯನ್ನು ಎಂಜಿನ್ನಿನಿಂದ ದೂರ, ಎತ್ತರದಲ್ಲಿ ಕಟ್ಟಿ, ನಳಿಗೆ ಹಾಕಿ ಕಾರ್ಬ್ಯುರೇಟರಿಗೆ ನೇರ ಕೊಡಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಇನ್ನೊಂದು ವಿಷಯ ನಿಮ್ಮ ತಂದೆಯವರ ಕಾಲದಲ್ಲಿ ಇರಲಿಲ್ಲ: ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ನಳಿಗೆ ಅದಕ್ಕೆ ಮೆತ್ತಗಾಗಿ ಬಿರುಕು ಬಿಡುತ್ತದೆ, ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಾಮ್ (ರಬ್ಬರ್ ಪೊರೆ) ಹರಿಯುತ್ತದೆ. ಎಥನಾಲ್ ತಡೆಯುವ ಹೋಸ್ ಎಂದು ಕೇಳಿಯೇ ತನ್ನಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಮೊದಲು ವಿಚಾರಿಸಿ. ಮದುವೆ ಮುಗಿದ ಮೇಲೆ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರ್ ಖಾಲಿಯಾಗುವ ತನಕ ಎಂಜಿನ್ ಓಡಿಸಿ ನಿಲ್ಲಿಸಿ.

ಸ್ಟಾರ್ಟ್ ಆದ ಮೇಲೆ ಹತ್ತು ನಿಮಿಷ ನೀಲಿ ಹೊಗೆ ಬಂದರೆ ಹೆದರಬೇಡಿ, ನೀವೇ ಬಿಟ್ಟ ಆಯಿಲ್ ಉರಿಯುತ್ತಿರುತ್ತದೆ. ಆದರೆ ಬಿಸಿಯ ಮುಳ್ಳಿನ ಮೇಲೆ ಕಣ್ಣಿಡಿ. ಇದರ ಹೆಡ್ ಅಲ್ಯೂಮಿನಿಯಮ್ಮಿನದು, ಒಂದು ಸಲ ಕುದಿದರೆ ಸೊಟ್ಟಗಾಗುತ್ತದೆ. ರೇಡಿಯೇಟರ್ ತೊಳೆಸಿ, ಹೋಸ್ ಬದಲಿಸಿ, ಫ್ಯಾನ್ ಬೆಲ್ಟ್ ಹೊಸದು ಹಾಕಿಸದೆ ಐದು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ. ಕ್ಲಚ್ ತುಳಿದರೂ ಗೇರು ಬೀಳದಿದ್ದರೆ ಪ್ಲೇಟು ಫ್ಲೈವೀಲಿಗೆ ತುಕ್ಕಿನಿಂದ ಅಂಟಿದೆ. ಪೆಡಲ್ ತುಳಿದ ಸ್ಥಿತಿಯಲ್ಲಿ ಸೀಟಿಗೆ ಮರದ ತುಂಡು ಆನಿಸಿ ಎರಡು ದಿನ ಬಿಡಿ, ಬಹುಪಾಲು ಬಿಡುತ್ತದೆ. ಸ್ಟೇರಿಂಗ್ ಪಕ್ಕದ ಗೇರ್ ಕಡ್ಡಿ ಸಿಕ್ಕಿಕೊಂಡರೆ ಗೇರ್‌ಬಾಕ್ಸ್ ಇಳಿಸಲು ಒಪ್ಪಬೇಡಿ. ಮೊದಲು ಕಡ್ಡಿಯನ್ನು ಗೇರ್‌ಬಾಕ್ಸಿಗೆ ಜೋಡಿಸುವ ಲಿಂಕೇಜಿನ ಬುಷ್ ನೋಡಿಸಿ, ಸವೆಯುವುದು ಅದೇ.

ಟಯರಿನ ಹಲ್ಲು ಸವೆಯದೆ ಎಷ್ಟಿದ್ದರೂ ಲೆಕ್ಕಕ್ಕಿಲ್ಲ, ನೋಡಬೇಕಾದದ್ದು ವಯಸ್ಸು. ಪಕ್ಕದ ಗೋಡೆಯಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ: 2313 ಎಂದರೆ 2013ರ 23ನೇ ವಾರ. ಅಷ್ಟು ಹಳೆಯದಾದರೆ ಬದಲಿಸಿ, ಸ್ಟೆಪ್ನಿಯನ್ನೂ.

ಬಣ್ಣದ ಮಾತು ಈಗ ಎತ್ತಬೇಡಿ. ಮಲೆನಾಡಿನ ತೇವಕ್ಕೆ ಕಾಲಡಿಯ ತಗಡು, ಬಾಗಿಲ ಕೆಳಗಿನ ಪಟ್ಟಿ, ಜಾಕ್ ಹಾಕುವ ಜಾಗ ಟೊಳ್ಳಾಗಿರುತ್ತವೆ. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಅಲ್ಲೆಲ್ಲ ಆಡಿಸಿ. ಎಲ್ಲಿ ಹಿಡಿಯದೆ ಜಾರುತ್ತದೋ ಅಲ್ಲಿ ತಗಡಿಲ್ಲ, ಪುಟ್ಟಿಯಿದೆ. ಟಿಂಕರಿಂಗ್ ಮಾಡದೆ ಬಣ್ಣ ಬಳಿಸಿದರೆ ಮದುವೆಯ ಫೋಟೊದಲ್ಲಿ ಹೊಳೆಯುತ್ತದೆ, ಮುಂದಿನ ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ಸೀಟಿನ ರೆಕ್ಸಿನ್ ಹರಿದಿಲ್ಲವಾದರೆ ಹಾಗೇ ಬಿಡಿ. ತಂದೆಯವರ ಕೈಯಲ್ಲಿ ನುಣುಪಾದ ಗೇರ್ ಗುಂಡನ್ನು ಹೊಸದಕ್ಕೆ ಬದಲಿಸುವಂಥ ಉತ್ಸಾಹಿಗಳು ಗ್ಯಾರೇಜಿನಲ್ಲಿ ಇರುತ್ತಾರೆ, ಮೊದಲೇ ಹೇಳಿಡಿ.

ಕಾಗದಪತ್ರಕ್ಕೆ ಇವತ್ತೇ ಹೊರಡಿ, ಎರಡು ತಿಂಗಳಲ್ಲಿ ತಡವಾಗುವುದು ಅದೇ. ಮಾಲೀಕರು ತೀರಿಕೊಂಡ ಮೂರು ತಿಂಗಳಲ್ಲಿ ಫಾರಂ 31ರಲ್ಲಿ ಹೆಸರು ವರ್ಗಾವಣೆಗೆ ಅರ್ಜಿ ಹಾಕಬೇಕಿತ್ತು. ಈಗ ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಒಡಹುಟ್ಟಿದವರ ಒಪ್ಪಿಗೆ ಹಿಡಿದು ಆರ್‌ಟಿಒಗೆ ಹೋಗಿ. ಕೆಎ ಬರುವ ಮೊದಲಿನ ನಂಬರಾದ್ದರಿಂದ ಕಂಪ್ಯೂಟರಿನಲ್ಲಿ ಗಾಡಿಯೇ ಇಲ್ಲ ಎನ್ನಬಹುದು. ಆಗ ಬ್ಯಾಕ್‌ಲಾಗ್ ಎಂಟ್ರಿ (ಹಳೆಯ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸುವುದು) ಮಾಡಿಸಿ ಎಂದು ಕೇಳಿ. ನೋಂದಣಿ ನವೀಕರಣಕ್ಕೆ ಗಾಡಿಯನ್ನು ತೋರಿಸಲೇಬೇಕು, 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ ಕೇಂದ್ರದ ಶುಲ್ಕವೇ 10,000 ರೂಪಾಯಿ. ತಡವಾದ ತಿಂಗಳುಗಳ ದಂಡ, ಹಸಿರು ತೆರಿಗೆ ಬೇರೆ. ವಿಮೆಯಿಲ್ಲದೆ ದಿಬ್ಬಣ ಹೊರಡಿಸಬೇಡಿ. ಕಾಗದ ಆಗದೇ ಹೋದರೆ ಕಾರನ್ನು ಛತ್ರದ ಬಾಗಿಲಿಗೆ ಲಾರಿಯಲ್ಲಿ ತರಿಸಿ ಹೂವು ಕಟ್ಟಿ ನಿಲ್ಲಿಸಿ. ಮದುಮಗಳು ಬೇರೆ ಗಾಡಿಯಲ್ಲಿ ಬಂದರಾಯಿತು.

ಎಲ್ಲ ಮುಗಿದ ದಿನ ಮನೆಯ ಅಂಗಳದಲ್ಲೇ ಓಡಿಸಿ ನೋಡಿ, ಒಬ್ಬರೇ. ನಾಲ್ಕಾರು ಸುತ್ತು ಹಾಕಿ, ಇಳಿದು, ನಾಲ್ಕೂ ಚಕ್ರದ ನಡುವಿಗೆ ಹಿಂಗೈ ಹತ್ತಿರ ತನ್ನಿ. ನಾಲ್ಕೂ ಒಂದೇ ಹದಕ್ಕೆ ಬೆಚ್ಚಗಿದ್ದರೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಹುದು. ಒಂದು ಮಾತ್ರ ಸುಡುತ್ತಿದ್ದರೆ ಆ ಚಕ್ರ ಇನ್ನೊಮ್ಮೆ ಬಿಚ್ಚಲಿ.