ನೇರಳೆ ಬಣ್ಣ ಹೋದರೆ ಕೋರಂ ಸೆನ್ಸಿಂಗ್ ನಿಂತಂತೆಯೇ?

ಹಿರಿಯೂರು ಕಡೆಯ ದಾಳಿಂಬೆ ಸಿಪ್ಪೆಯ ಸಾರ ಹಾಕಿದ ಪ್ಲೇಟಿನಲ್ಲಿ ಕ್ರೋಮೋಬ್ಯಾಕ್ಟೀರಿಯಂ ವಯೊಲೇಸಿಯಂ ಎಂಬ ನೇರಳೆ ಬ್ಯಾಕ್ಟೀರಿಯಾ ಬಣ್ಣ ಕಳೆದುಕೊಂಡಿತು, ಬ್ಯಾಕ್ಟೀರಿಯಾಗಳ ಸಂವಹನ (ಕೋರಂ ಸೆನ್ಸಿಂಗ್, ಅಂದರೆ ರಾಸಾಯನಿಕ ಸಂಕೇತಗಳಿಂದ ತಮ್ಮ ಸಂಖ್ಯೆ ಅರಿತು ಒಟ್ಟಾಗಿ ವರ್ತಿಸುವುದು) ಕಡಿದಿದೆಯೇ ಎಂಬುದು ಚಿತ್ರದುರ್ಗದ ವಿದ್ಯಾರ್ಥಿಯ ಪ್ರಶ್ನೆ.

ಈ ಬಣ್ಣ ತಯಾರಾಗಲು ಆ ಸಂಕೇತ ಬೇಕು, ನಿಜ. ಆದರೆ ಅಷ್ಟರಿಂದಲೇ ಹೇಳಲಾಗದು. ಸಾರ ಹೀರಿಸಿಟ್ಟ ಬಿಲ್ಲೆಯ ಸುತ್ತ ಪಾರದರ್ಶಕ ವಲಯವಿದ್ದರೆ ಸಾರ ಬೆಳವಣಿಗೆಯನ್ನೇ ತಡೆದಿದೆ. ಬಣ್ಣವಿಲ್ಲದಿದ್ದರೂ ಮಬ್ಬಾದ ಬೆಳವಣಿಗೆ ಇದ್ದರೆ ಮಾತ್ರ ಸಂಕೇತ ತಡೆದಿರಬಹುದು. ಸಿಪ್ಪೆಯ ಟ್ಯಾನಿನ್‌ಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲಬಲ್ಲವು, ಎಡವುವುದು ಇಲ್ಲೇ. ಮೊದಲು ಎಂಐಸಿ (ಬೆಳವಣಿಗೆ ತಡೆಯುವ ಕನಿಷ್ಠ ಪ್ರಮಾಣ) ಕಂಡುಹಿಡಿಯಿರಿ, ಆಮೇಲೆ ಅದರ 1/4, 1/8 ಪ್ರಮಾಣದಲ್ಲಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಬೆಳೆಸಿ, ಜೀವಕೋಶಗಳನ್ನೂ ಎಣಿಸಿ. ಹೋಲಿಕೆಗೆ, ಸಾರವಿಲ್ಲದೆ ಬರೀ ದ್ರಾವಕ ಹಾಕಿದ ಕಂಟ್ರೋಲ್ ಬೇಕೇ ಬೇಕು. ನಿಮ್ಮದು ಇದೇ ಬ್ಯಾಕ್ಟೀರಿಯಾದ ಸಿವಿ026 ಎಂಬ ರೂಪಾಂತರಿತ ತಳಿಯಾದರೆ ಅದು ಸ್ವಂತ ಸಂಕೇತ ತಯಾರಿಸದು. ಹೊರಗಿನಿಂದ ಸಿ6-ಎಎಚ್‌ಎಲ್ (ಎಎಚ್‌ಎಲ್ ಗುಂಪಿನ ಸಂಕೇತ ಅಣು) ಹಾಕದಿದ್ದರೆ ಬಣ್ಣ ಹೇಗೂ ಬಾರದು. ಅದನ್ನು ಗೆಲುವೆಂದುಕೊಳ್ಳಬೇಡಿ!

ಬಯೋಫಿಲ್ಮ್ (ಮೇಲ್ಮೈಗೆ ಅಂಟಿಕೊಂಡು ಬೆಳೆಯುವ ಬ್ಯಾಕ್ಟೀರಿಯಾ ಪದರ) ಪರೀಕ್ಷೆಗೆ ಸ್ಯೂಡೋಮೊನಾಸ್ ಏರುಜಿನೋಸಾ ಎಂಬ ಬ್ಯಾಕ್ಟೀರಿಯಾ ಬಳಸಿ: 96 ಗುಳಿಗಳ ಪ್ಲೇಟ್ ಮೆಲ್ಲಗೆ ತೊಳೆದು, 0.1% ಕ್ರಿಸ್ಟಲ್ ವಯೊಲೆಟ್ 15 ನಿಮಿಷ ಇಟ್ಟು, ಮತ್ತೆ ತೊಳೆದು ಒಣಗಿಸಿ, 30% ಅಸಿಟಿಕ್ ಆಮ್ಲದಲ್ಲಿ ಕರಗಿಸಿ 550 ನ್ಯಾನೋಮೀಟರಿನಲ್ಲಿ ಓದಿ. ಸತ್ತ ಕೋಶಕ್ಕೂ ಈ ಬಣ್ಣ ಹಿಡಿಯುತ್ತದೆ, ಹಾಗಾಗಿ ಎಷ್ಟು ಕೋಶ ಬದುಕಿವೆ ಎಂಬುದನ್ನು ಇದು ಹೇಳದು. ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯಾಗೆ ಈ ಫಲಿತಾಂಶ ಹೊಂದಿಸಬೇಡಿ, ಅದರ ಸಂಕೇತ ಪೆಪ್ಟೈಡ್ (ಅಮೈನೋ ಆಮ್ಲಗಳ ಕಿರು ಸರಪಳಿ), ಎಎಚ್‌ಎಲ್ ಅಲ್ಲ.