ಜೈಲಿನಲ್ಲಿರುವ ತಂದೆಯ ಹಕ್ಕನ್ನು ಕಡಿದುಹಾಕಬಹುದೇ?

ಪ್ರಶ್ನೆ: ಎಂಟು ವರ್ಷಗಳ ಹಿಂದೆ ನನ್ನ ತಂಗಿಯನ್ನು ಅವಳ ಗಂಡನೇ ಕೊಂದ. ಅವನಿಗೆ ಜೀವಾವಧಿ ಶಿಕ್ಷೆಯಾಗಿದೆ. ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಆಗ ಮೂರು ವರ್ಷದವಳಾಗಿದ್ದ ಅವರ ಮಗಳು ಅಂದಿನಿಂದ ನಮ್ಮ ಮನೆಯಲ್ಲೇ ಬೆಳೆದಿದ್ದಾಳೆ. ಅಮ್ಮ ಕಾಯಿಲೆಯಿಂದ ತೀರಿಕೊಂಡಳು, ಅಪ್ಪ ಹೊರದೇಶದಲ್ಲಿದ್ದಾನೆ ಎಂದು ಹೇಳಿದ್ದೇವೆ. ಮೊನ್ನೆ ಪೆರೋಲ್ ಮೇಲೆ ಬಂದ ಅವನು ಶಾಲೆಯ ಗೇಟಿನ ಬಳಿ ನಿಂತಿದ್ದನಂತೆ. ಅವನ ತಾಯಿ ದೀಪಾವಳಿಗೆ ಬಂದಾಗಲೆಲ್ಲ ‘ನಮ್ಮ ಮನೆಯ ಕುಡಿ, ಕಳಿಸಿಕೊಡಿ’ ಎನ್ನುತ್ತಾರೆ. ಅವನು ಬರೆದ ಕಾಗದಗಳನ್ನೆಲ್ಲ ಒಡೆಯದೆ ಟ್ರಂಕಿನಲ್ಲಿಟ್ಟಿದ್ದೇನೆ. ಅಮೆರಿಕದಲ್ಲಿ ಇಂಥವರ ತಂದೆತನದ ಹಕ್ಕನ್ನೇ ಕೋರ್ಟು ರದ್ದು ಮಾಡುತ್ತದೆ ಎಂದು ಓದಿದೆ. ಇಲ್ಲಿಯೂ ಹಾಗೆ ಮಾಡಿಸಿ, ಅವಳನ್ನು ದತ್ತು ಪಡೆದು, ಇನಿಷಿಯಲ್ ಬದಲಿಸಬಹುದೇ? ನಾವು ಹಿಂದೂಗಳು.
– ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ತಂಗಿಯನ್ನು ಕಳೆದುಕೊಂಡ ದುಃಖವನ್ನು ನುಂಗಿಕೊಂಡು ಅವಳ ಮಗುವನ್ನು ಎಂಟು ವರ್ಷ ಸಾಕಿದ ನಿಮಗೆ, ಶಾಲೆಯ ಗೇಟಿನ ಬಳಿ ಆ ಮುಖ ಕಂಡಿತೆಂದು ಕೇಳಿದಾಗ ಏನಾಗಿರಬಹುದು ಎಂಬುದು ನನ್ನ ಊಹೆಗೆ ನಿಲುಕುತ್ತದೆ. ನಿಮ್ಮ ಭಯಕ್ಕೆ ಕಾರಣವಿದೆ. ಆದರೆ ನೀವು ಕೇಳಿರುವುದು ಒಂದು, ನಿಮಗೆ ಬೇಕಾಗಿರುವುದು ಇನ್ನೊಂದು ಎಂದು ನನಗೆ ಅನ್ನಿಸುತ್ತದೆ.

ತಂದೆತನವನ್ನೇ ರದ್ದುಗೊಳಿಸುವ ಪ್ರತ್ಯೇಕ ವಿಧಿ ನಮ್ಮ ಕಾನೂನಿನಲ್ಲಿಲ್ಲ. ನೀವು ಓದಿದ್ದು ಬಹುಶಃ ಅಮೆರಿಕದ 1997ರ ಕಾನೂನಿನ ವಿಷಯ. ಮಗು 22 ತಿಂಗಳಲ್ಲಿ 15 ತಿಂಗಳು ಸರ್ಕಾರದ ಪೋಷಣೆಯಲ್ಲಿ ಕಳೆದರೆ ಹೆತ್ತವರ ಹಕ್ಕು ಕೊನೆಗೊಳಿಸಲು ರಾಜ್ಯವೇ ಅರ್ಜಿ ಹಾಕಬೇಕೆಂದು ಅದು ಹೇಳುತ್ತದೆ. ಆದರೆ ಮಗು ಬಂಧುಗಳ ಬಳಿ ಬೆಳೆಯುತ್ತಿದ್ದರೆ ಹಾಕದಿರಲು ಅಲ್ಲಿಯೂ ಅವಕಾಶವಿದೆ. ಇಂಗ್ಲೆಂಡ್ ಮತ್ತು ವೇಲ್ಸ್ ಕೂಡ, ಮಗುವಿನ ತಾಯಿಯನ್ನೋ ತಂದೆಯನ್ನೋ ಕೊಂದ ಇನ್ನೊಬ್ಬ ಹೆತ್ತವರ ಪೋಷಕ ಅಧಿಕಾರವನ್ನು ಶಿಕ್ಷೆಯ ಜೊತೆಯಲ್ಲೇ ಅಮಾನತಿನಲ್ಲಿಡುವ ಕಾನೂನನ್ನು 2024ರಲ್ಲಷ್ಟೇ ಮಾಡಿದೆ. ನಮ್ಮಲ್ಲಿಯೂ ಅಂಥದೊಂದು ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಕೊಂದವನ ಅಯೋಗ್ಯತೆಯನ್ನು ಕೊಲೆಯಾದವಳ ಅಕ್ಕ ಇನ್ನೊಂದು ನ್ಯಾಯಾಲಯದಲ್ಲಿ ಮತ್ತೆ ಸಾಬೀತು ಮಾಡಬೇಕಾಗಿರುವುದು ಸರಿಯಲ್ಲ.

ಆದರೂ ದಾರಿಯಿದೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ನಿಮ್ಮನ್ನು ಮಗುವಿನ ಗಾರ್ಡಿಯನ್ (ಕಾನೂನುಬದ್ಧ ಪೋಷಕರು) ಆಗಿ ನೇಮಿಸಬೇಕೆಂದು ನೀವು ಕೌಟುಂಬಿಕ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ಮಗು ಸಾಮಾನ್ಯವಾಗಿ ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ಇದು ನಡೆಯುವುದರಿಂದ ಅವನ ಊರಿಗೆ ನೀವು ಅಲೆಯಬೇಕಾಗಿಲ್ಲ. ತಂದೆ ಬದುಕಿದ್ದು ‘ಅನರ್ಹ’ನಲ್ಲದಿದ್ದರೆ ಬೇರೊಬ್ಬರನ್ನು ನೇಮಿಸುವಂತಿಲ್ಲ ಎಂದು 19ನೇ ಕಲಂ ಹೇಳುತ್ತದೆ, ಆದ್ದರಿಂದ ನಿಮ್ಮ ವಾದವೆಲ್ಲ ಅನರ್ಹತೆ ಎಂಬ ಆ ಒಂದು ಮಾತಿನ ಸುತ್ತ ನಿಲ್ಲಬೇಕು. ಹೆಂಡತಿಯ ಕೊಲೆಗೆ ಆದ ಶಿಕ್ಷೆ, ಅದನ್ನು ಎತ್ತಿಹಿಡಿದ ಹೈಕೋರ್ಟಿನ ತೀರ್ಪು, ಎಂಟು ವರ್ಷಗಳ ಶಾಲಾ ದಾಖಲೆ ಮತ್ತು ವೈದ್ಯರ ಚೀಟಿಗಳು ನಿಮ್ಮ ಕೈಯಲ್ಲಿವೆ. ನ್ಯಾಯಾಲಯ ನಿಮ್ಮನ್ನು ನೇಮಿಸಿದರೆ, 7ನೇ ಕಲಮಿನ ಪ್ರಕಾರ, ಆವರೆಗೆ ಇದ್ದ ಸಹಜ ಪೋಷಕನನ್ನು, ಅಂದರೆ ತಂದೆಯನ್ನು, ಆ ಸ್ಥಾನದಿಂದ ತೆಗೆದಂತೆಯೇ ಆಗುತ್ತದೆ. ನೀವು ಹುಡುಕುತ್ತಿರುವುದಕ್ಕೆ ನಮ್ಮ ಕಾನೂನಿನಲ್ಲಿ ಅತ್ಯಂತ ಹತ್ತಿರದ್ದು ಇದೇ. ಬ್ಯಾಂಕಿನವರೂ ಶಾಲೆಯವರೂ ‘ತಂದೆಯ ಸಹಿ’ ಕೇಳಿದಾಗ ತೋರಿಸಬೇಕಾದ ಕಾಗದವೂ ಇದೇ.

ಇಂಥ ವಿಷಯದಲ್ಲಿ ನ್ಯಾಯಾಲಯಗಳು ತಂದೆಯ ಹಕ್ಕನ್ನಲ್ಲ, ಮಗುವಿನ ಕ್ಷೇಮವನ್ನೇ ಮುಖ್ಯವಾಗಿ ನೋಡುತ್ತವೆ. ತಾಯಿಯ ಸಾವಿನ ಪ್ರಕರಣದಲ್ಲಿ ಆರೋಪಿಯಾಗಿದ್ದ ತಂದೆಗೆ ಮಗುವನ್ನು ಒಪ್ಪಿಸಬೇಕೆಂದು ಪಶ್ಚಿಮ ಬಂಗಾಳದ ಕೆಳ ನ್ಯಾಯಾಲಯವೂ ಹೈಕೋರ್ಟೂ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2008ರಲ್ಲಿ ರದ್ದುಮಾಡಿ, ಮಗುವನ್ನು ತಾಯಿಯ ಹೆತ್ತವರ ಬಳಿಯೇ ಉಳಿಸಿತು. ಅಲ್ಲಿ ತಂದೆಯ ಮೇಲೆ ಇದ್ದದ್ದು ಆರೋಪ ಮಾತ್ರ. ನಿಮ್ಮಲ್ಲಿ ತೀರ್ಪೇ ಇದೆ.

ದತ್ತಕದ ವಿಷಯದಲ್ಲಿ ಮಾತ್ರ ನಿಮಗೆ ನಿರಾಶೆಯಾಗಬಹುದು. 1956ರ ಹಿಂದೂ ದತ್ತಕ ಕಾಯ್ದೆಯಡಿ, ತಾಯಿ ಇಲ್ಲದಿರುವಾಗ ಮಗುವನ್ನು ಕೊಡುವ ಕೈ ತಂದೆಯದೇ ಆಗಬೇಕು. ಅವನು ಸನ್ಯಾಸಿಯಾದರೆ, ಮಗುವನ್ನು ತೊರೆದರೆ, ಬುದ್ಧಿಭ್ರಮಣೆ ಇದೆಯೆಂದು ನ್ಯಾಯಾಲಯ ಘೋಷಿಸಿದರೆ ಬೇರೆ ಮಾತು; ಜೈಲುವಾಸ ಈ ಪಟ್ಟಿಯಲ್ಲಿಲ್ಲ. ಮಗುವನ್ನು ತೊರೆದಿದ್ದಾನೆ ಎನ್ನೋಣವೆಂದರೆ ಟ್ರಂಕಿನಲ್ಲಿರುವ ಕಾಗದಗಳೇ ಅವನ ಪರವಾಗಿ ಸಾಕ್ಷಿ ಹೇಳುತ್ತವೆ.

ಇನ್ನೊಂದು ವಿಷಯವನ್ನು ನೀವು ಯೋಚಿಸಿದಂತಿಲ್ಲ. ತಂದೆಯ ಹಕ್ಕು ಮತ್ತು ಮಗಳ ಹಕ್ಕು ಒಂದೇ ಗಂಟಲ್ಲ. ಅವನ ಮನೆಗೆ ಪಿತ್ರಾರ್ಜಿತ ಗದ್ದೆಯೋ ಅಡಿಕೆ ತೋಟವೋ ಇದ್ದರೆ, ಅದರಲ್ಲಿ ಅವಳಿಗೆ ಹುಟ್ಟಿನಿಂದಲೇ ಪಾಲಿದೆ. ಕರ್ನಾಟಕ 1994ರಲ್ಲೂ ಕೇಂದ್ರ 2005ರಲ್ಲೂ ಹೆಣ್ಣುಮಕ್ಕಳಿಗೆ ಕೊಟ್ಟ ಹಕ್ಕು ಅದು. ಮಗಳನ್ನು ಸಾಕುವ ಹೊಣೆಯೂ ಅವನ ತಲೆಯಿಂದ ಇಳಿಯುವುದಿಲ್ಲ. ನಿಮ್ಮ ತಂಗಿಯ ಒಡವೆಗಳು ಅವನ ತಾಯಿಯ ಬಳಿ ಉಳಿದಿದ್ದರೆ ಅವೂ ಮಗಳಿಗೇ ಸೇರಬೇಕು, ಏಕೆಂದರೆ ಕೊಲೆ ಮಾಡಿದವನು ಕೊಲೆಯಾದವರ ಆಸ್ತಿಗೆ ವಾರಸುದಾರನಾಗಲಾರ. ದತ್ತಕದಿಂದ ಹುಟ್ಟಿದ ಮನೆಯ ನಂಟು ಕಾನೂನಿನ ಕಣ್ಣಿನಲ್ಲಿ ಕಳಚುತ್ತದೆ; ನೀವು ನೇಮಿತ ಗಾರ್ಡಿಯನ್ ಆದರೆ ಕಳಚುವುದು ಅವನ ಅಧಿಕಾರ ಮಾತ್ರ. ‘ಪೂರ್ತಿ ಕಡಿದುಹಾಕಬೇಕು’ ಎಂಬ ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಆ ಕತ್ತಿ ಮಗಳ ಪಾಲಿನ ಮೇಲೆ ಬೀಳದಂತೆ ನೋಡಿಕೊಳ್ಳಿ.

ಖರ್ಚಿನ ಬಗ್ಗೆ ಚಿಂತೆ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು. ಬಂಧಿಗಳಿಗೂ ಅದೇ ಸೌಲಭ್ಯವಿದೆ, ಆದ್ದರಿಂದ ಅವನೂ ವಕೀಲರ ಮೂಲಕ ಉತ್ತರ ಕೊಟ್ಟರೆ ಗಾಬರಿಯಾಗಬೇಡಿ. ಅವನಿಗೆ ಜೈಲಿಗೇ ನೋಟಿಸ್ ಹೋಗಲೇಬೇಕು; ಗುಟ್ಟಾಗಿ ಪಡೆದ ಆದೇಶ ನಾಳೆ ನಿಲ್ಲುವುದಿಲ್ಲ. ತೀರ್ಪು ಬರುವವರೆಗೆ ಮಗು ನಿಮ್ಮ ಬಳಿಯೇ ಇರಲೆಂಬ ಮಧ್ಯಂತರ ಆದೇಶವನ್ನು ಅರ್ಜಿಯ ಜೊತೆಗೇ ಕೇಳಿ, ಅದರ ಪ್ರತಿಯನ್ನು ಶಾಲೆಗೆ ಕೊಡಿ. ಮಗುವನ್ನು ಯಾರ ಕೈಗೆ ಒಪ್ಪಿಸಬಹುದು ಎಂಬುದನ್ನು ಮುಖ್ಯೋಪಾಧ್ಯಾಯರಿಗೆ ಇವತ್ತೇ ಬರೆದುಕೊಡಿ. ಅವನು ಶಾಲೆಯ ಬಳಿ ಬಂದದ್ದನ್ನು ಪೊಲೀಸ್ ಠಾಣೆಗೂ ಜೈಲಿನ ಅಧೀಕ್ಷಕರಿಗೂ ಲಿಖಿತವಾಗಿ ತಿಳಿಸಿ. ಮುಂದಿನ ಪೆರೋಲ್ ಅರ್ಜಿಯ ಹೊತ್ತಿಗೆ ಅದು ಕಡತದಲ್ಲಿರಲಿ.

ಇಷ್ಟು ಕಾನೂನಿನ ಮಾತಾಯಿತು. ನನ್ನನ್ನು ಹೆಚ್ಚು ಕಾಡಿದ್ದು ‘ಅಪ್ಪ ಹೊರದೇಶದಲ್ಲಿದ್ದಾನೆ’ ಎಂಬ ನಿಮ್ಮ ಮಾತು. ಹನ್ನೊಂದು ವರ್ಷದ ಮಗುವಿನ ಇಷ್ಟವೇನೆಂದು ನ್ಯಾಯಾಧೀಶರು ಕೊಠಡಿಗೆ ಕರೆದು ಕೇಳುವ ಸಾಧ್ಯತೆ ಬಹಳವಿದೆ. ಹೊರದೇಶದಲ್ಲಿರುವ ಅಪ್ಪನ ಬಗ್ಗೆ ಅವಳು ಅಲ್ಲಿ ಏನು ಹೇಳಿಯಾಳು? ಅದಕ್ಕೆ ಮೊದಲೇ ಸಹಪಾಠಿಯೊಬ್ಬಳು ಹೇಳಬಹುದು, ಮೊಬೈಲಿನಲ್ಲಿ ಹಳೆಯ ಸುದ್ದಿಯೊಂದು ಸಿಗಬಹುದು, ಅಥವಾ ಗೇಟಿನ ಬಳಿ ನಿಂತವನೇ ‘ನಾನು ನಿನ್ನಪ್ಪ’ ಎನ್ನಬಹುದು. ಅರ್ಜಿ ಸಲ್ಲಿಸುವ ಮೊದಲು ನೀವೇ ಹೇಳಬೇಕು, ನಿಮ್ಮ ಮನೆಯಲ್ಲಿ, ಶಾಲೆಗೆ ರಜೆಯಿರುವ ದಿನ, ನಿಮ್ಮ ಬಾಯಿಂದಲೇ. ಎಲ್ಲ ವಿವರ ಬೇಡ. ‘ನಿನ್ನ ಅಪ್ಪನಿಂದ ಅಮ್ಮನ ಜೀವ ಹೋಯಿತು, ಅದಕ್ಕೆ ಅವನು ಜೈಲಿನಲ್ಲಿದ್ದಾನೆ, ಅದರಲ್ಲಿ ನಿನ್ನದೇನೂ ತಪ್ಪಿಲ್ಲ, ನಾವು ಸುಳ್ಳು ಹೇಳಿದ್ದು ನಿನ್ನ ಮೇಲಿನ ಪ್ರೀತಿಯಿಂದ’ ಎಂಬಷ್ಟು ಸಾಕು. ಅವಳು ಅಳಬಹುದು, ನಿಮ್ಮ ಮೇಲೆಯೇ ಸಿಟ್ಟಾಗಿ ಮಾತು ಬಿಡಬಹುದು, ಅಪ್ಪನನ್ನು ನೋಡಬೇಕು ಎಂದೂ ಅನ್ನಬಹುದು. ಕೊನೆಯದನ್ನು ಕೇಳಿದಾಗ ನಿಮ್ಮ ಕರುಳು ಕಿವುಚುತ್ತದೆ. ಆದರೂ ಅವಳನ್ನು ಗದರಿಸಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದವರನ್ನು ಮುಂಚಿತವಾಗಿ ಕಂಡು, ಹೇಗೆ ಹೇಳಬೇಕೆಂದು ಕೇಳಿಕೊಂಡು ಬನ್ನಿ.

ಟ್ರಂಕಿನ ಕಾಗದಗಳನ್ನು ಸುಡಬೇಡಿ. ವಕೀಲರೆದುರು ಒಡೆದು ಓದಿ. ಬೆದರಿಕೆಯ ಮಾತಿದ್ದರೆ ಅರ್ಜಿಗೆ ಲಗತ್ತಿಸಿ. ಉಳಿದವನ್ನು ಅವಳು ಕೇಳುವ ದಿನದವರೆಗೆ ಕಟ್ಟಿಡಿ. ಕೊಲೆಯಂಥ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾದವನು 14 ವರ್ಷ ಪೂರೈಸದೆ ಅವಧಿಗೆ ಮುನ್ನ ಬಿಡುಗಡೆಗೆ ಅರ್ಹನಾಗುವುದಿಲ್ಲ. ಅವನು ಆ ಲೆಕ್ಕ ಮುಗಿಸುವ ಹೊತ್ತಿಗೆ ಅವಳಿಗೆ ಹದಿನೇಳೋ ಹದಿನೆಂಟೋ ಆಗಿರುತ್ತದೆ. ಹದಿನೆಂಟು ತುಂಬಿದ ಮೇಲೆ ಅವಳ ಮೇಲೆ ಗಾರ್ಡಿಯನ್ ಆಗಿ ಅವನಿಗೂ ಅಧಿಕಾರವಿಲ್ಲ, ನಿಮಗೂ ಇಲ್ಲ.

ಇನ್ನು ಅಜ್ಜಿಯ, ಅಂದರೆ ಅವನ ತಾಯಿಯ, ವಿಷಯ. ‘ಕಳಿಸಿಕೊಡಿ’ ಎಂಬುದಕ್ಕೆ ಖಂಡಿತವಾಗಿ ಒಪ್ಪಬೇಡಿ. ಆದರೆ ಮಗನ ಪರವಾಗಿ ಮಾತಾಡದೆ, ನಿಮ್ಮ ಕಣ್ಣೆದುರು, ನಿಮ್ಮ ಜಗಲಿಯಲ್ಲಿ ಕುಳಿತು ಮೊಮ್ಮಗಳ ತಲೆ ಬಾಚಿಹೋಗಲು ಅವರಿಗೆ ಅವಕಾಶ ಕೊಟ್ಟರೆ ನಿಮ್ಮ ಮೊಕದ್ದಮೆಗೆ ನಷ್ಟವಿಲ್ಲ. ನ್ಯಾಯಾಲಯ ಅದನ್ನು ನಿಮ್ಮ ದೊಡ್ಡತನವೆಂದೇ ಕಾಣುತ್ತದೆ.

ಉಳಿದದ್ದು ಇನಿಷಿಯಲ್. ಅದಕ್ಕೆ ಈಗ ಕೈಹಚ್ಚಬೇಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೆಸರು ಕಳಿಸುವ ಹೊತ್ತಿಗೆ ಅವಳಿಗೆ ಬುದ್ಧಿ ಬಂದಿರುತ್ತದೆ, ಸತ್ಯವೂ ಗೊತ್ತಿರುತ್ತದೆ. ಯಾರ ಅಕ್ಷರವನ್ನು ಹೆಸರಿನ ಜೊತೆ ಇಟ್ಟುಕೊಳ್ಳಬೇಕೆಂದು ಆಗ ಅವಳನ್ನೇ ಕೇಳಿ. ತಾಯಿಯದನ್ನು ಇಟ್ಟುಕೊಳ್ಳುತ್ತೇನೆ ಎಂದರೂ ಎಂದಾಳು.